ಗ್ರೋತ್ ಫ್ಯಾಕ್ಟರ್ ರಿಸೆಪ್ಟರ್ ಮತ್ತು ಕ್ಯಾನ್ಸರ್: ಪದೇ ಪದೇ ಕೇಳುವ ಪ್ರಶ್ನೆಗಳು

ಬಯಾಪ್ಸಿ ರಿಪೋರ್ಟ್ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣು ಹುಡುಕುವುದು ‘ಕ್ಯಾನ್ಸರ್’ ಅನ್ನುವ ಒಂದೇ ಪದವನ್ನು. ಅದರ ಕೆಳಗೆ ಹರ್-2, ಇಜಿಎಫ್‌ಆರ್, ಎಎಲ್‌ಕೆ ಅಂತ ನಾಲ್ಕೈದು ಸಾಲು ಇರುತ್ತವೆ. ಅದೇನೋ ಡಾಕ್ಟರ ಭಾಷೆ ಅಂತ ಹೆಚ್ಚಿನವರು ಅಲ್ಲಿಗೇ ಕಾಗದ ಮಡಚಿಬಿಡುತ್ತಾರೆ. ಆದರೆ ಮುಂದೆ ಯಾವ ಔಷಧಿ ಅನ್ನುವುದು ಎಷ್ಟೋ ಸಲ ಆ ಸಾಲುಗಳಿಂದಲೇ ತೀರ್ಮಾನ ಆಗುತ್ತದೆ. ಅವು ಗ್ರೋತ್ ಫ್ಯಾಕ್ಟರ್ ರಿಸೆಪ್ಟರ್ ಅನ್ನುವ ಪ್ರೋಟೀನುಗಳ ಹೆಸರುಗಳು. ಈ ಪುಟ ಆ ಸಾಲುಗಳ ಬಗ್ಗೆ.

ಗ್ರೋತ್ ಫ್ಯಾಕ್ಟರ್ ಅಂದರೆ ಏನು?

ನಮ್ಮ ಜೀವಕೋಶಗಳು ತಮಗೆ ತೋಚಿದಾಗ ಒಡೆದು ಎರಡಾಗುವುದಿಲ್ಲ. ಯಾರಾದರೂ ಹೇಳಬೇಕು. ಹಾಗೆ ಹೇಳುವ ಚಿಕ್ಕ ಪ್ರೋಟೀನುಗಳೇ ಗ್ರೋತ್ ಫ್ಯಾಕ್ಟರ್‌ಗಳು.

ಬೆರಳು ಕುಯ್ದುಕೊಂಡಿರಿ ಅಂದುಕೊಳ್ಳಿ. ರಕ್ತ ಹೆಪ್ಪುಗಟ್ಟಿಸಲು ಬಂದ ಪ್ಲೇಟ್‌ಲೆಟ್‌ಗಳು ಅಲ್ಲೇ ಪಿಡಿಜಿಎಫ್ ಅನ್ನುವ ಗ್ರೋತ್ ಫ್ಯಾಕ್ಟರನ್ನೂ ಬಿಡುತ್ತವೆ. ಸುತ್ತಲಿನ ಕೋಶಗಳಿಗೆ ಅದು ಸುದ್ದಿ ಮುಟ್ಟಿಸುತ್ತದೆ: ಇಲ್ಲಿ ಜಾಗ ಖಾಲಿ ಇದೆ, ತುಂಬಿಸಿ. ಅವು ಒಡೆದು ಒಡೆದು ಗಾಯ ಮುಚ್ಚುತ್ತವೆ. ಗಾಯ ಮುಚ್ಚಿದ ಮೇಲೆ ಸುಮ್ಮನಾಗುತ್ತವೆ. ಆ ಸುಮ್ಮನಾಗುವುದು ಮುಖ್ಯ. ಮುಂದೆ ಬರುವುದೆಲ್ಲ ಅದರ ಸುತ್ತಲೇ.

ಹಾಗಾದರೆ ರಿಸೆಪ್ಟರ್?

ಕನ್ನಡ ಪಠ್ಯಪುಸ್ತಕಗಳಲ್ಲಿ ‘ಗ್ರಾಹಕ’ ಅಂತ ಬರೆಯುತ್ತಾರೆ. ಓದಿದರೆ ಅಂಗಡಿಯ ಗಿರಾಕಿ ನೆನಪಾಗುತ್ತಾನೆ, ಹಾಗಾಗಿ ಇಲ್ಲಿ ರಿಸೆಪ್ಟರ್ ಅಂತಲೇ ಇಟ್ಟುಕೊಂಡಿದ್ದೇನೆ.

ರಿಸೆಪ್ಟರ್ ಅಂದರೆ ಕೋಶದ ಕಿವಿ. ಅದೂ ಒಂದು ಪ್ರೋಟೀನೇ. ಕೋಶದ ಪೊರೆಯಲ್ಲಿ ಸೂಜಿ ಚುಚ್ಚಿದ ಹಾಗೆ ನಿಂತಿರುತ್ತದೆ. ಒಂದು ತುದಿ ಹೊರಗೆ, ಇನ್ನೊಂದು ಒಳಗೆ. ಗ್ರೋತ್ ಫ್ಯಾಕ್ಟರ್ ಬಂದು ಕೂರುವುದು ಹೊರಗಿನ ತುದಿಗೆ. ಒಳಗಿನ ತುದಿಯಲ್ಲಿ ಕೈನೇಸ್ ಅನ್ನುವ ಭಾಗ ಇದೆ, ಕೆಲಸ ಮಾಡುವುದು ಅದು. ಮನುಷ್ಯರಲ್ಲಿ ಈ ಜಾತಿಯ ರಿಸೆಪ್ಟರ್‌ಗಳು 58, ಮನೆತನಗಳು 20. ಕ್ಯಾನ್ಸರ್ ವಿಷಯ ಬಂದಾಗ ಪದೇ ಪದೇ ಕೇಳಿಬರುವ ಹೆಸರು ಹತ್ತು ಹನ್ನೆರಡು ಅಷ್ಟೇ: ಇಜಿಎಫ್‌ಆರ್, ಹರ್-2, ಎಫ್‌ಜಿಎಫ್‌ಆರ್, ವಿಇಜಿಎಫ್‌ಆರ್, ಮೆಟ್, ಕಿಟ್, ರೆಟ್, ಎಎಲ್‌ಕೆ, ಹೀಗೆ.

ಹೊರಗಿನ ಸುದ್ದಿ ಒಳಗೆ ಹೋಗುವುದು ಹೇಗೆ?

ಗ್ರೋತ್ ಫ್ಯಾಕ್ಟರ್ ಬಂದು ಕೂತಾಗ ಪಕ್ಕಪಕ್ಕದ ಎರಡು ರಿಸೆಪ್ಟರ್‌ಗಳು ಜೋಡಿಯಾಗುತ್ತವೆ. ಜೋಡಿಯಾದ ಮೇಲೆ ಒಂದರ ಬಾಲಕ್ಕೆ ಇನ್ನೊಂದು ಫಾಸ್ಫೇಟ್ ಅಂಟಿಸುತ್ತದೆ. ಬಾಲದಲ್ಲಿರುವ ಟೈರೋಸಿನ್ ಅನ್ನುವ ಅಮೈನೋ ಆಮ್ಲದ ಮೇಲೇ ಇದು ಅಂಟುವುದು, ಅದಕ್ಕೇ ಇವುಗಳಿಗೆ ‘ಟೈರೋಸಿನ್ ಕೈನೇಸ್’ ಅಂತ ಹೆಸರು.

ಅಂಟಿದ ಫಾಸ್ಫೇಟ್ ನೋಡಿಕೊಂಡು ಒಳಗಿನ ಪ್ರೋಟೀನುಗಳು ಬಂದು ಕಚ್ಚಿಕೊಳ್ಳುತ್ತವೆ. ಅಲ್ಲಿಂದ ಸುದ್ದಿ ಕೈಯಿಂದ ಕೈಗೆ ಹೋಗುತ್ತದೆ. ರಾಸ್, ರಾಫ್, ಮೆಕ್, ಎರ್ಕ್ ಅನ್ನುವುದು ಒಂದು ಸಾಲು. ಅದು ನ್ಯೂಕ್ಲಿಯಸ್‌ವರೆಗೆ ಹೋಗಿ ‘ಒಡೆಯಿರಿ’ ಅನ್ನುವ ಜೀನುಗಳನ್ನು ಎಬ್ಬಿಸುತ್ತದೆ. ಪಿಐ3ಕೆ, ಎಕೆಟಿ ಅನ್ನುವುದು ಇನ್ನೊಂದು ಸಾಲು. ಅದರ ಮಾತು ‘ಸಾಯಬೇಡಿ, ಬದುಕಿರಿ’.

ಇದನ್ನು ಆರಿಸುವ ಏರ್ಪಾಡೂ ಇದೆ. ಫಾಸ್ಫೇಟನ್ನು ಕಿತ್ತು ಹಾಕುವ ಕಿಣ್ವಗಳಿವೆ. ಕೆಲಸ ಮಾಡಿದ ರಿಸೆಪ್ಟರನ್ನು ಕೋಶ ಪೊರೆಯ ಸಮೇತ ಒಳಗೆಳೆದುಕೊಂಡು, ಎಷ್ಟೋ ಸಲ ಚೂರು ಮಾಡಿಬಿಡುತ್ತದೆ. ಹಚ್ಚುವುದಕ್ಕೆ ಎಷ್ಟು ಪ್ರೋಟೀನುಗಳು ದುಡಿಯುತ್ತವೋ ಆರಿಸುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ದುಡಿಯುತ್ತವೆ.

ಇದನ್ನೆಲ್ಲ ಕಂಡುಹಿಡಿದಿದ್ದು ಯಾರು?

ಒಬ್ಬರಲ್ಲ. ಆದರೆ ಎರಡು ಕಥೆ ನನಗೆ ತುಂಬ ಇಷ್ಟ.

ಸ್ಟ್ಯಾನ್ಲಿ ಕೋಹೆನ್ ಅನ್ನುವ ವಿಜ್ಞಾನಿ ನರಗಳನ್ನು ಬೆಳೆಸುವ ಪ್ರೋಟೀನ್ ಹುಡುಕುತ್ತಿದ್ದರು. ಅದು ಇಲಿಯ ಜೊಲ್ಲು ಗ್ರಂಥಿಯಲ್ಲಿ ಹೇರಳವಾಗಿ ಸಿಕ್ಕಿತು. ಆ ಗ್ರಂಥಿಯ ರಸವನ್ನು ಆಗಷ್ಟೇ ಹುಟ್ಟಿದ ಇಲಿಮರಿಗಳಿಗೆ ಚುಚ್ಚಿದಾಗ ಒಂದು ವಿಚಿತ್ರ ಕಂಡಿತು. ಇಲಿಮರಿ ಕಣ್ಣು ಬಿಡುವುದು ಸಾಮಾನ್ಯವಾಗಿ ಎರಡು ವಾರಕ್ಕೆ. ಇವು ಒಂದೇ ವಾರಕ್ಕೆ ಕಣ್ಣು ಬಿಟ್ಟವು! ಹಲ್ಲೂ ಬೇಗ ಬಂತು. ಬೇರೆ ಯಾರಾದರೂ ಆಗಿದ್ದರೆ ‘ಏನೋ ಕಲಬೆರಕೆ’ ಅಂತ ಬಿಟ್ಟುಬಿಡುತ್ತಿದ್ದರೇನೋ. ಕೋಹೆನ್ ಬಿಡಲಿಲ್ಲ. ಚರ್ಮದ ಕೋಶಗಳನ್ನು ಬೆಳೆಸುವ ಇಜಿಎಫ್ ಅನ್ನುವ ಪ್ರೋಟೀನ್ ಸಿಕ್ಕಿದ್ದು ಹಾಗೆ. ಮುಂದೆ ಅದರ ರಿಸೆಪ್ಟರ್ ಇಜಿಎಫ್‌ಆರ್ ಕೂಡ ಅವರ ಕೈಗೇ ಸಿಕ್ಕಿತು. ನರಗಳ ಪ್ರೋಟೀನಿನ ಕೆಲಸದಲ್ಲಿ ಜೊತೆಗಿದ್ದ ರೀಟಾ ಲೆವಿ-ಮೊಂಟಾಲ್ಚಿನಿ ಅವರೊಂದಿಗೆ 1986ರಲ್ಲಿ ಕೋಹೆನ್ ನೊಬೆಲ್ ಪಡೆದರು.

ಎರಡನೆಯದು ಸೋಮಾರಿತನದ ಕಥೆ. ಫಾಸ್ಫೇಟ್ ಅಂಟುವುದು ಸೆರಿನ್, ಥ್ರಿಯೋನಿನ್ ಅನ್ನುವ ಎರಡು ಅಮೈನೋ ಆಮ್ಲಗಳ ಮೇಲೆ ಮಾತ್ರ ಅಂತ 1979ರವರೆಗೂ ಎಲ್ಲರ ನಂಬಿಕೆ. ಅಮೆರಿಕದ ಸಾಲ್ಕ್ ಸಂಸ್ಥೆಯಲ್ಲಿ ಟೋನಿ ಹಂಟರ್, ಫಾಸ್ಫೇಟ್ ಅಂಟಿದ ಅಮೈನೋ ಆಮ್ಲಗಳನ್ನು ಬೇರೆ ಬೇರೆ ಚುಕ್ಕೆಗಳಾಗಿ ಬಿಡಿಸುವ ಒಂದು ಪ್ರಯೋಗಕ್ಕೆ ಹೊಸ ಬಫರ್ (ಅದಕ್ಕೆ ಬೇಕಾದ ದ್ರಾವಣ) ಮಾಡಿಕೊಳ್ಳದೆ ಹಳೆಯದನ್ನೇ ಬಳಸಿದರು. ಅದರ ಪಿಎಚ್ 1.9 ಇರಬೇಕಾಗಿತ್ತು, ಹಳೆಯದಾಗಿ 1.7ಕ್ಕೆ ಇಳಿದಿತ್ತು. ಸರಿಯಾದ ಬಫರಿನಲ್ಲಿ ಒಂದೇ ಚುಕ್ಕೆಯಂತೆ ಕಾಣುತ್ತಿದ್ದದ್ದು ಇದರಲ್ಲಿ ಎರಡಾಗಿ ಒಡೆಯಿತು. ಹೊಸ ಚುಕ್ಕೆ ಟೈರೋಸಿನ್ ಮೇಲಿನ ಫಾಸ್ಫೇಟ್. ಇಂದಿನ ಕ್ಯಾನ್ಸರ್ ಮಾತ್ರೆಗಳ ಒಂದು ದೊಡ್ಡ ಗುಂಪು ಈ ಟೈರೋಸಿನ್ ಕೆಲಸವನ್ನೇ ತಡೆಯುವುದು.

ಇದಕ್ಕೂ ಕ್ಯಾನ್ಸರ್‌ಗೂ ನಂಟಿದೆ ಅಂತ ಗೊತ್ತಾದದ್ದು ಯಾವಾಗ?

1980ರ ದಶಕದಲ್ಲಿ, ಕೋಳಿಗಳ ವೈರಸ್‌ನಿಂದ. ಕೋಳಿಗೆ ರಕ್ತದ ಕ್ಯಾನ್ಸರ್ ತರುವ ಒಂದು ವೈರಸ್‌ನಲ್ಲಿ ಎರ್ಬ್-ಬಿ ಅನ್ನುವ ಜೀನ್ ಇತ್ತು. 1984ರಲ್ಲಿ ಇಜಿಎಫ್‌ಆರ್‌ನ ಅಮೈನೋ ಆಮ್ಲಗಳ ಸಾಲನ್ನು ಆ ಜೀನಿನ ಪಕ್ಕ ಇಟ್ಟು ನೋಡಿದರೆ ಎರಡೂ ಹೆಚ್ಚುಕಡಿಮೆ ಒಂದೇ! ವೈರಸ್ ಯಾವುದೋ ಕಾಲದಲ್ಲಿ ಕೋಳಿಯಿಂದಲೇ ಈ ಜೀನನ್ನು ಎತ್ತಿಕೊಂಡಿತ್ತು. ಆದರೆ ಅದರಲ್ಲಿ ಹೊರಗಿನ ತುದಿ ಹೆಚ್ಚಿನಂಶ ಇರಲಿಲ್ಲ. ಕಿವಿ ಇಲ್ಲದ, ಬರೀ ಬಾಯಿ ಇರುವ ರಿಸೆಪ್ಟರ್ ಅದು. ಯಾರೂ ಏನೂ ಹೇಳದಿದ್ದರೂ ‘ಒಡೆಯಿರಿ, ಒಡೆಯಿರಿ’ ಅನ್ನುತ್ತಲೇ ಇರುತ್ತದೆ.

ಅದರ ಹಿಂದಿನ ವರ್ಷವೇ, 1983ರಲ್ಲಿ, ಕೋತಿಯ ಒಂದು ಕ್ಯಾನ್ಸರ್ ವೈರಸ್‌ನ ಜೀನ್ ಮೇಲೆ ಹೇಳಿದ ಪಿಡಿಜಿಎಫ್ ತರಹವೇ ಇದೆ ಅಂತ ಗೊತ್ತಾಗಿತ್ತು. ಕ್ಯಾನ್ಸರ್ ಜೀನ್ ಅಂದರೆ ಎಲ್ಲಿಂದಲೋ ಬಂದ ಶತ್ರು ಅಲ್ಲ, ಮನೆಯದೇ ಸಾಮಾನು ಕೆಟ್ಟಿರುವುದು ಅನ್ನುವುದು ಅಲ್ಲಿಂದ ಗಟ್ಟಿಯಾಯಿತು.

ಮನುಷ್ಯರಲ್ಲಿ ರಿಸೆಪ್ಟರ್ ಕೆಡುವುದು ಹೇಗೆ?

ಬೇರೆ ಬೇರೆ ರೀತಿ, ಆದರೆ ಫಲ ಒಂದೇ: ಸುದ್ದಿ ನಿಲ್ಲುವುದಿಲ್ಲ.

ಕೆಲವು ಸಲ ಸಂಖ್ಯೆ ಜಾಸ್ತಿಯಾಗುತ್ತದೆ. ಜೀನಿನ ಎರಡು ಪ್ರತಿ ಇರಬೇಕಾದ ಕಡೆ ಹತ್ತೋ ಇಪ್ಪತ್ತೋ ಆಗಿ, ಪೊರೆಯ ಮೇಲೆ ರಿಸೆಪ್ಟರ್‌ಗಳ ನೂಕುನುಗ್ಗಲು. ಅಷ್ಟು ಹತ್ತಿರ ನಿಂತರೆ ಗ್ರೋತ್ ಫ್ಯಾಕ್ಟರ್ ಬರದೆಯೂ ತಾವೇ ಜೋಡಿಯಾಗಿಬಿಡುತ್ತವೆ. ಸ್ತನ ಕ್ಯಾನ್ಸರ್‌ನ ಹರ್-2 ಈ ಜಾತಿ.

ಕೆಲವು ಸಲ ಒಂದೇ ಒಂದು ಅಕ್ಷರ ತಪ್ಪುತ್ತದೆ. ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಸಿಗುವ ಎಲ್858ಆರ್ ಅಂದರೆ ಇಜಿಎಫ್‌ಆರ್‌ನ 858ನೇ ಜಾಗದಲ್ಲಿ ಲ್ಯೂಸಿನ್ ಹೋಗಿ ಆರ್ಜಿನಿನ್ ಬಂದಿದೆ ಅಂತ. ಸಾವಿರಕ್ಕಿಂತ ಜಾಸ್ತಿ ಅಮೈನೋ ಆಮ್ಲ ಇರುವ ಪ್ರೋಟೀನಿನಲ್ಲಿ ಒಂದು ಬದಲಾದರೆ ಸಾಕು, ಕೈನೇಸ್ ಸದಾ ಚಾಲೂ.

ಇನ್ನು ಕೆಲವು ಸಲ ಎರಡು ಜೀನುಗಳು ಮುರಿದು ತಪ್ಪಾಗಿ ಬೆಸೆದುಕೊಳ್ಳುತ್ತವೆ. ಎಎಲ್‌ಕೆ ಹಾಗೆ. ಅದರ ಕೈನೇಸ್ ತುಂಡಿಗೆ ಇಎಂಎಲ್4 ಅನ್ನುವ, ಏನೂ ಸಂಬಂಧ ಇಲ್ಲದ ಪ್ರೋಟೀನಿನ ತಲೆ ಅಂಟಿಕೊಂಡಿರುತ್ತದೆ. ಜಪಾನಿನ ವಿಜ್ಞಾನಿಗಳು 2007ರಲ್ಲಿ ಇದನ್ನು ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಕಂಡುಹಿಡಿದರು.

ನನಗೆ ಎಲ್ಲಕ್ಕಿಂತ ಸೋಜಿಗ ಅನ್ನಿಸುವುದು ಮೆಟ್ ಜೀನಿನ ಒಂದು ತಪ್ಪು. ಅದರಲ್ಲಿ ಹಚ್ಚುವ ಭಾಗಕ್ಕೆ ಏನೂ ಆಗಿರುವುದಿಲ್ಲ. ‘ಇದನ್ನು ಒಳಗೆಳೆದು ಚೂರು ಮಾಡಿ’ ಅಂತ ಗುರುತು ಹಾಕುವ 14ನೇ ಎಕ್ಸಾನ್ (ಜೀನಿನ ಒಂದು ತುಂಡು) ಮಾತ್ರ ಬಿಟ್ಟುಹೋಗಿರುತ್ತದೆ. ಕೆಲಸ ಮುಗಿದರೂ ರಿಸೆಪ್ಟರ್ ಪೊರೆಯ ಮೇಲೇ ಕೂತಿರುತ್ತದೆ. ಆರಿಸುವವರು ಇಲ್ಲದಿದ್ದರೂ ಕ್ಯಾನ್ಸರ್ ಬರಬಹುದು.

ರಿಸೆಪ್ಟರ್ ಒಂದು ಕೆಟ್ಟರೆ ಕ್ಯಾನ್ಸರ್ ಬಂದೇ ಬರುತ್ತದಾ?

ಇಲ್ಲ. ಸಾಮಾನ್ಯವಾಗಿ ಇನ್ನೂ ಕೆಲವು ಕಾವಲುಗಳು ಬೀಳಬೇಕು. ಪಿ53 ಅನ್ನುವ ಪ್ರೋಟೀನ್ ಕೆಟ್ಟ ಕೋಶವನ್ನು ನಿಲ್ಲಿಸುತ್ತದೆ, ಆಗದಿದ್ದರೆ ಸಾಯಿಸುತ್ತದೆ. ಅದೂ ಹೋಗಿರುವುದು ಎಷ್ಟೋ ಗಡ್ಡೆಗಳಲ್ಲಿ ಕಾಣುತ್ತದೆ. ಆದರೆ ಒಂದು ಮಾತು. ಕೆಲವು ಗಡ್ಡೆಗಳು ಹತ್ತಾರು ತಪ್ಪುಗಳನ್ನು ಹೊತ್ತಿದ್ದರೂ ಬದುಕಿರುವುದು ಒಂದೇ ರಿಸೆಪ್ಟರಿನ ಮೇಲೆ. ಅದನ್ನು ಆರಿಸಿದರೆ ಇಡೀ ಗಡ್ಡೆ ಕುಸಿಯುತ್ತದೆ. ಔಷಧಿಗಳು ಹುಡುಕುವುದು ಇಂಥದ್ದನ್ನೇ.

ಹರ್-2 ಪಾಸಿಟಿವ್ ಅಂದರೆ ಕೆಟ್ಟ ಸುದ್ದಿಯಾ?

1987ರಲ್ಲಿ ಕೇಳಿದ್ದರೆ ಹೌದು. ಆ ವರ್ಷ ಡೆನಿಸ್ ಸ್ಲೇಮನ್ ಮತ್ತು ಸಂಗಡಿಗರು 189 ಸ್ತನ ಕ್ಯಾನ್ಸರ್ ಗಡ್ಡೆಗಳನ್ನು ಪರೀಕ್ಷಿಸಿ, ಹರ್-2 ಜೀನ್ ಹೆಚ್ಚು ಪ್ರತಿಗಳಲ್ಲಿ ಇದ್ದವರಿಗೆ ಕಾಯಿಲೆ ಬೇಗ ಮರುಕಳಿಸುತ್ತದೆ, ಅವರು ಬದುಕುವುದೂ ಕಡಿಮೆ ಅಂತ ತೋರಿಸಿದರು. ಸ್ತನ ಕ್ಯಾನ್ಸರ್‌ಗಳಲ್ಲಿ ಶೇ. 15ರಿಂದ 20ರಷ್ಟು ಹರ್-2 ಪಾಸಿಟಿವ್.

ಈಗ ಲೆಕ್ಕ ತಿರುಗಿದೆ. ಹರ್-2 ಹೊರತುದಿಗೆ ಹೋಗಿ ಅಂಟಿಕೊಳ್ಳುವ ಟ್ರಾಸ್ಟುಜುಮ್ಯಾಬ್ ಅನ್ನುವ ಆಂಟಿಬಾಡಿಗೆ 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆಪರೇಷನ್ ಆದ ಆರಂಭದ ಹಂತದ ಕಾಯಿಲೆಗೂ ಇದನ್ನು ಕೊಟ್ಟರೆ ಮರುಕಳಿಸುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಅಂತ 2005ರಲ್ಲಿ ದೊಡ್ಡ ಪ್ರಯೋಗಗಳು ತೋರಿಸಿದವು. ಯಾವ ಗುರುತು ಭಯ ಹುಟ್ಟಿಸುತ್ತಿತ್ತೋ ಅದೇ ಗುರುತು ಈಗ ಔಷಧಿಗೆ ಹಿಡಿ.

ಆಮೇಲೆ ಬಂದವು ಇನ್ನೂ ಜಾಣ ಔಷಧಿಗಳು. ಅದೇ ಆಂಟಿಬಾಡಿಯ ಬೆನ್ನಿಗೆ ಕೀಮೋ ಔಷಧಿ ಕಟ್ಟಿ ಕಳಿಸುತ್ತಾರೆ. ಕೋಶ ಹರ್-2 ಜೊತೆಗೆ ಅದನ್ನೂ ಒಳಗೆಳೆದುಕೊಳ್ಳುತ್ತದೆ, ಒಳಗೆ ಹೋದ ಮೇಲೆ ಗಂಟು ಬಿಚ್ಚುತ್ತದೆ.

ರಿಪೋರ್ಟ್‌ನಲ್ಲಿ ‘ಹರ್-2: 2+’ ಅಂತ ಇದೆ. ಪಾಸಿಟಿವಾ, ನೆಗೆಟಿವಾ?

ಎರಡೂ ಅಲ್ಲ. ಇನ್ನೊಂದು ಪರೀಕ್ಷೆ ಬೇಕು ಅಂತ ಅರ್ಥ.

ಪೆಥಾಲಜಿಸ್ಟ್ ನೋಡುವುದು ಹೀಗೆ. ಗಡ್ಡೆಯ ತೆಳ್ಳನೆಯ ಸೀಳನ್ನು ಗಾಜಿನ ಮೇಲಿಟ್ಟು ಹರ್-2 ಇರುವ ಕಡೆ ಕಂದು ಬಣ್ಣ ಬರುವ ಹಾಗೆ ಮಾಡುತ್ತಾರೆ. 0 ಅಥವಾ 1+ ಆದರೆ ನೀಲಿ ನ್ಯೂಕ್ಲಿಯಸ್‌ಗಳ ಸುತ್ತ ಬಣ್ಣ ಇಲ್ಲ, ಇದ್ದರೂ ಮಸುಕು. 3+ ಆದರೆ ಅನುಮಾನಕ್ಕೆ ಜಾಗವೇ ಇಲ್ಲ: ಒಂದೊಂದು ಕೋಶದ ಸುತ್ತಲೂ ದಪ್ಪ ಕಂದು ಗೆರೆ, ಇಡೀ ನೋಟ ಕೋಳಿಗೂಡಿನ ತಂತಿಬಲೆ ಥರ. ಗಡ್ಡೆಯ ಶೇ. 10ಕ್ಕಿಂತ ಹೆಚ್ಚು ಕೋಶಗಳಲ್ಲಿ ಹಾಗೆ ಪೂರ್ತಿ ಸುತ್ತಿದ ಗಾಢ ಗೆರೆ ಇರಬೇಕು. 2+ ಅನ್ನುವುದು ಮಧ್ಯದ್ದು. ಗೆರೆ ಇದೆ, ಆದರೆ ತೆಳುವಾಗಿ.

ಆಗ ಫಿಶ್ ಅನ್ನುವ ಪರೀಕ್ಷೆ ಮಾಡುತ್ತಾರೆ. ಕತ್ತಲಲ್ಲಿ ಹೊಳೆಯುವ ಚುಕ್ಕೆಗಳನ್ನು ಎಣಿಸುವ ಕೆಲಸ ಅದು. ಒಂದು ಬಣ್ಣ ಹರ್-2 ಜೀನಿಗೆ, ಇನ್ನೊಂದು 17ನೇ ಕ್ರೋಮೋಸೋಮಿನ ನಡುಭಾಗಕ್ಕೆ. ಜೀನಿನ ಚುಕ್ಕೆ ಎರಡು ಪಟ್ಟೋ ಅದಕ್ಕಿಂತ ಜಾಸ್ತಿಯೋ ಇದ್ದು, ಕೋಶಕ್ಕೆ ಸರಾಸರಿ ನಾಲ್ಕಕ್ಕೆ ಕಡಿಮೆ ಇಲ್ಲದಿದ್ದರೆ ಪಾಸಿಟಿವ್. ಫಿಶ್ ರಿಪೋರ್ಟ್ ಬರುವುದಕ್ಕೆ ಮುಂಚೆ ‘2+ ಅಂದರೆ ಅರ್ಧ ಪಾಸಿಟಿವ್’ ಅಂತ ತಲೆ ಕೆಡಿಸಿಕೊಳ್ಳಬೇಡಿ. ಇನ್ನೊಂದು ವಿಷಯ: 2022ರಿಂದ ‘ಹರ್-2 ಲೋ’, ಅಂದರೆ 1+ ಅಥವಾ ಫಿಶ್ ನೆಗೆಟಿವ್ ಆದ 2+, ಇರುವ ಮುಂದುವರಿದ ಸ್ತನ ಕ್ಯಾನ್ಸರ್‌ಗೂ ಮೇಲೆ ಹೇಳಿದ ಗಂಟು ಕಟ್ಟಿದ ಔಷಧಿಗಳಲ್ಲಿ ಒಂದನ್ನು ಕೊಡಬಹುದಾಗಿದೆ. ಹಾಗಾಗಿ ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

ಶ್ವಾಸಕೋಶದ ಕ್ಯಾನ್ಸರ್‌ಗೆ ಇಜಿಎಫ್‌ಆರ್ ಮಾತ್ರೆ ಕೆಲವರಿಗೆ ಮಾತ್ರ ಕೆಲಸ ಮಾಡುವುದು ಯಾಕೆ?

ಇದೇ ಪ್ರಶ್ನೆ ಕೆಲವು ವರ್ಷ ಡಾಕ್ಟರುಗಳನ್ನೂ ಕಾಡಿತ್ತು. ಜೆಫಿಟಿನಿಬ್ ಅನ್ನುವ ಮಾತ್ರೆ 2002ರಲ್ಲಿ ಜಪಾನಿನಲ್ಲಿ, 2003ರಲ್ಲಿ ಅಮೆರಿಕದಲ್ಲಿ ಬಂತು. ಎಲ್ಲರಿಗೂ ಕೊಟ್ಟರು. ಹೆಚ್ಚಿನವರಿಗೆ ಏನೂ ಆಗಲಿಲ್ಲ. ಆದರೆ ಹತ್ತರಲ್ಲಿ ಒಬ್ಬರಿಗೆ ಗಡ್ಡೆ ಮಂಜಿನ ಹಾಗೆ ಕರಗುತ್ತಿತ್ತು. ಅಂಥವರಲ್ಲಿ ಸಿಗರೇಟು ಸೇದದವರು, ಹೆಂಗಸರು, ಪೂರ್ವ ಏಷ್ಯಾದವರು ಜಾಸ್ತಿ. ಯಾಕೆ ಅಂತ ಯಾರಿಗೂ ಗೊತ್ತಿಲ್ಲ.

2004ರಲ್ಲಿ ಅಮೆರಿಕದ ಸಂಶೋಧಕರು ಉತ್ತರ ಕೊಟ್ಟರು. ಗಡ್ಡೆ ಕರಗಿದವರ ಇಜಿಎಫ್‌ಆರ್ ಜೀನಿನಲ್ಲಿ ಮ್ಯುಟೇಶನ್, ಅಂದರೆ ತಪ್ಪು, ಇತ್ತು. ಒಂದೋ 19ನೇ ಎಕ್ಸಾನಿನಲ್ಲಿ ಚಿಕ್ಕ ತುಂಡು ಹಾರಿಹೋಗಿತ್ತು, ಇಲ್ಲ ಆ ಎಲ್858ಆರ್. ರಿಸೆಪ್ಟರ್ ಇದೆಯೋ ಇಲ್ಲವೋ ಅನ್ನುವುದಲ್ಲ, ಹೇಗೆ ಕೆಟ್ಟಿದೆ ಅನ್ನುವುದು ಮುಖ್ಯ.

2009ರಲ್ಲಿ ಪ್ರಕಟವಾದ ಐಪಾಸ್ ಅನ್ನುವ ಪ್ರಯೋಗ ಇದನ್ನು ಕಣ್ಣಿಗೆ ಹೊಡೆಯುವಂತೆ ತೋರಿಸಿತು. ಮ್ಯುಟೇಶನ್ ಇದ್ದವರಲ್ಲಿ ಜೆಫಿಟಿನಿಬ್‌ನಿಂದ ಗಡ್ಡೆ ಕುಗ್ಗಿದ್ದು ನೂರಕ್ಕೆ 71 ಮಂದಿಗೆ. ಇಲ್ಲದವರಲ್ಲಿ ನೂರಕ್ಕೆ ಒಬ್ಬರಿಗೆ! ಮ್ಯುಟೇಶನ್ ಇಲ್ಲದವರಿಗೆ ಮಾತ್ರೆಗಿಂತ ಕೀಮೋವೇ ಒಳ್ಳೆಯದಾಗಿತ್ತು. ಪರೀಕ್ಷೆ ಮಾಡಿಸದೆ ‘ಮಾತ್ರೆ ಅಲ್ವಾ, ಸುಮ್ನೆ ಒಂದು ಸಲ ನೋಡೋಣ’ ಅನ್ನುವುದು ಯಾಕೆ ತಪ್ಪು ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಸಿಗರೇಟು ಮುಟ್ಟದವರಿಗೂ ಶ್ವಾಸಕೋಶದ ಕ್ಯಾನ್ಸರ್ ಬರುವುದು ಇದರಿಂದಲೇನಾ?

ಅಂಥವರ ಗಡ್ಡೆಯಲ್ಲಿ ಇಜಿಎಫ್‌ಆರ್ ಅಥವಾ ಎಎಲ್‌ಕೆ ತಪ್ಪು ಸಿಗುವ ಸಾಧ್ಯತೆ ಸೇದುವವರಿಗಿಂತ ಜಾಸ್ತಿ, ಹೌದು. ಆದರೆ ಸೇದುವವರಲ್ಲೂ ಸಿಗುತ್ತದೆ. ಸೇದುತ್ತಿದ್ದರು ಅನ್ನುವ ಕಾರಣಕ್ಕೆ ಪರೀಕ್ಷೆ ಬಿಡುವ ಹಾಗಿಲ್ಲ.

ಕರುಳಿನ ಕ್ಯಾನ್ಸರ್‌ಗೆ ಇಜಿಎಫ್‌ಆರ್ ಔಷಧಿ ಕೊಡುವ ಮುಂಚೆ ರಾಸ್ ಪರೀಕ್ಷೆ ಯಾಕೆ?

ಸುದ್ದಿ ಹೋಗುವ ಸಾಲು ನೆನಪಿದೆಯಲ್ವಾ? ರಿಸೆಪ್ಟರ್ ಮೊದಲು, ರಾಸ್ ಆಮೇಲೆ. ಸೆಟುಕ್ಸಿಮ್ಯಾಬ್ ಅನ್ನುವ ಆಂಟಿಬಾಡಿ ರಿಸೆಪ್ಟರಿನ ಬಾಯಿ ಮುಚ್ಚುತ್ತದೆ. ಆದರೆ ರಾಸ್ ತಾನೇ ಕೆಟ್ಟು ಸದಾ ಚಾಲೂ ಇದ್ದರೆ, ಮೇಲಿನವರ ಬಾಯಿ ಮುಚ್ಚಿ ಏನು ಪ್ರಯೋಜನ? ಕರುಳಿನ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ. 40ರಲ್ಲಿ ಕೆ-ರಾಸ್ (ಒಂದು ಬಗೆಯ ರಾಸ್) ಕೆಟ್ಟಿರುತ್ತದೆ. ಅವರಿಗೆ ಈ ಔಷಧಿ ಕೊಟ್ಟರೆ ಸಿಗುವುದು ಅಡ್ಡಪರಿಣಾಮ ಮಾತ್ರ.

ಒಂದೇ ಮ್ಯುಟೇಶನ್ ಇದ್ದರೆ ಯಾವ ಅಂಗದ ಕ್ಯಾನ್ಸರ್‌ಗಾದರೂ ಒಂದೇ ಔಷಧಿ ಸಾಕಾ?

ಕೆಲವಕ್ಕೆ ಸಾಕು. ಎನ್‌ಟಿಆರ್‌ಕೆ ಅನ್ನುವ ರಿಸೆಪ್ಟರ್ ಜೀನ್ ಬೇರೆ ಜೀನಿನ ಜೊತೆ ಬೆಸೆದುಕೊಂಡಿದ್ದರೆ ಗಡ್ಡೆ ಎಲ್ಲೇ ಇರಲಿ, ಲ್ಯಾರೋಟ್ರೆಕ್ಟಿನಿಬ್ ಕೊಡಬಹುದು ಅಂತ 2018ರಲ್ಲಿ ಅಮೆರಿಕ ಒಪ್ಪಿಕೊಂಡಿತು. ‘ಇನ್ನು ಮೇಲೆ ಅಂಗದ ಹೆಸರೇ ಬೇಡ’ ಅಂತ ಕೆಲವರು ಸಂಭ್ರಮಿಸಿದರು. ನನಗೆ ಅದು ಸ್ವಲ್ಪ ಅವಸರ ಅನ್ನಿಸುತ್ತದೆ.

ಬಿ-ರಾಫ್ ನೋಡಿ, ಮೇಲೆ ಹೇಳಿದ ಸಾಲಿನ ರಾಫ್‌ಗಳಲ್ಲಿ ಒಂದು. ಮೆಲನೋಮಾ ಅನ್ನುವ ಚರ್ಮದ ಕ್ಯಾನ್ಸರ್‌ನಲ್ಲಿ ಈ ತಪ್ಪಿದ್ದರೆ ಅದನ್ನು ತಡೆಯುವ ಮಾತ್ರೆ ಸುಮಾರು ಅರ್ಧ ಮಂದಿಗೆ ಕೆಲಸ ಮಾಡುತ್ತದೆ. ಅದೇ ತಪ್ಪಿರುವ ಕರುಳಿನ ಕ್ಯಾನ್ಸರ್‌ಗೆ ಕೊಟ್ಟರೆ ಹೆಚ್ಚುಕಡಿಮೆ ಏನೂ ಆಗುವುದಿಲ್ಲ. ಕಾರಣ ತಿಳಿದದ್ದು 2012ರಲ್ಲಿ. ಕರುಳಿನ ಕೋಶಗಳಲ್ಲಿ ಇಜಿಎಫ್‌ಆರ್ ಜಾಸ್ತಿ. ಕೆಳಗೆ ಬಿ-ರಾಫ್ ನಿಂತ ಕೂಡಲೇ ಮೇಲೆ ಇಜಿಎಫ್‌ಆರ್ ಎಚ್ಚರಗೊಂಡು ಬೇರೆ ದಾರಿಯಲ್ಲಿ ಸುದ್ದಿ ಕಳಿಸಲು ಶುರು ಮಾಡುತ್ತದೆ. ಮೆಲನೋಮಾ ಕೋಶಗಳಲ್ಲಿ ಇಜಿಎಫ್‌ಆರ್ ಕಡಿಮೆ, ಹಾಗಾಗಿ ಆ ಕಳ್ಳದಾರಿ ಇಲ್ಲ. ಈಗ ಕರುಳಿಗೆ ಬಿ-ರಾಫ್ ಮಾತ್ರೆಯ ಜೊತೆ ಸೆಟುಕ್ಸಿಮ್ಯಾಬನ್ನೂ ಸೇರಿಸಿ ಕೊಡುತ್ತಾರೆ. ಯಾವ ಜೀನ್ ಅನ್ನುವುದರ ಜೊತೆ ಯಾವ ಅಂಗ ಅನ್ನುವುದನ್ನೂ ಕೇಳಲೇಬೇಕು.

ಔಷಧಿ ಹೆಸರಿನ ಕೊನೆಯಲ್ಲಿ ‘ಮ್ಯಾಬ್’, ‘ನಿಬ್’ ಅಂತ ಬರುತ್ತದಲ್ಲ, ಏನದು?

ಮ್ಯಾಬ್ ಅಂದರೆ ಆಂಟಿಬಾಡಿ. ದೊಡ್ಡ ಅಣು, ಪೊರೆ ದಾಟಲಾರದು. ಹಾಗಾಗಿ ರಿಸೆಪ್ಟರಿನ ಹೊರತುದಿಯನ್ನು ಹಿಡಿಯುತ್ತದೆ, ಇಲ್ಲವೇ ಗ್ರೋತ್ ಫ್ಯಾಕ್ಟರನ್ನೇ ದಾರಿಯಲ್ಲಿ ಹಿಡಿದುಬಿಡುತ್ತದೆ. ಬಾಯಿಂದ ತೆಗೆದುಕೊಂಡರೆ ಜೀರ್ಣವಾಗಿಬಿಡುತ್ತದೆ, ಅದಕ್ಕೇ ಡ್ರಿಪ್ ಅಥವಾ ಇಂಜೆಕ್ಷನ್. ನಿಬ್ ಅಂದರೆ ತಡೆಯುವ ಮಾತ್ರೆ. ಅಣು ಸುಮಾರು 300 ಪಟ್ಟು ಚಿಕ್ಕದು. ಕೋಶದೊಳಗೆ ನುಗ್ಗಿ ಕೈನೇಸ್ ಭಾಗದ ಸಂದಿಯಲ್ಲಿ ಕೂತುಬಿಡುತ್ತದೆ.

ಮಾತ್ರೆ ಅಂತ ಹಗುರಾಗಿ ತೆಗೆದುಕೊಳ್ಳಬೇಡಿ. ಹೊಟ್ಟೆಯ ಆಮ್ಲ ಕಡಿಮೆ ಮಾಡುವ ಔಷಧಿ ಜೊತೆಗಿದ್ದರೆ ಜೆಫಿಟಿನಿಬ್, ಎರ್ಲೋಟಿನಿಬ್ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಸಿಗರೇಟು ಸೇದುತ್ತಿದ್ದರೆ ಎರ್ಲೋಟಿನಿಬ್ ದೇಹದಿಂದ ಬೇಗ ಹೊರಹೋಗುತ್ತದೆ. ನೀವು ನುಂಗುವ ಪ್ರತಿಯೊಂದು ಮಾತ್ರೆಯ ಹೆಸರೂ ಡಾಕ್ಟರಿಗೆ ಗೊತ್ತಿರಬೇಕು.

ಇವುಗಳಿಂದ ಮುಖದ ತುಂಬ ಮೊಡವೆ ಏಳುವುದು, ಭೇದಿ ಆಗುವುದು ಯಾಕೆ?

ಇಲಿಮರಿಗಳನ್ನು ನೆನಪಿಸಿಕೊಳ್ಳಿ. ಇಜಿಎಫ್‌ಆರ್ ಇರುವುದೇ ಚರ್ಮವನ್ನೂ ಕರುಳಿನ ಒಳಪದರವನ್ನೂ ಬೆಳೆಸಲು. ಔಷಧಿಗೆ ಗಡ್ಡೆಯ ರಿಸೆಪ್ಟರ್ ಯಾವುದು, ಮುಖದ್ದು ಯಾವುದು ಅಂತ ಪೂರ್ತಿ ಗೊತ್ತಾಗುವುದಿಲ್ಲ. ಹಾಗಾಗಿ ಮುಖ, ಎದೆ, ಬೆನ್ನಿನ ಮೇಲೆ ಮೊಡವೆಯಂಥ ಗುಳ್ಳೆ ಏಳುತ್ತವೆ, ಉಗುರಿನ ಪಕ್ಕ ಹುಣ್ಣಾಗುತ್ತದೆ, ಭೇದಿ ಆಗುತ್ತದೆ. ಇದು ಅಲರ್ಜಿ ಅಲ್ಲ. ಸೆಟುಕ್ಸಿಮ್ಯಾಬ್‌ನಲ್ಲಂತೂ ಗುಳ್ಳೆ ಎದ್ದವರಿಗೆ ಔಷಧಿ ಚೆನ್ನಾಗಿ ಹತ್ತುವುದು ಕಂಡುಬಂದಿದೆ. ಮೊಡವೆಗೆ ಹಚ್ಚುವ ಕ್ರೀಮನ್ನು ನೀವೇ ತಂದು ಹಚ್ಚಬೇಡಿ, ಚರ್ಮ ಇನ್ನಷ್ಟು ಒಣಗುತ್ತದೆ.

ಟ್ರಾಸ್ಟುಜುಮ್ಯಾಬ್‌ನ ಕಥೆ ಬೇರೆ. ಹೃದಯದ ಸ್ನಾಯುವಿಗೂ ಹರ್-2 ಬೇಕು. ಕೆಲವರಲ್ಲಿ ಹೃದಯ ರಕ್ತ ತಳ್ಳುವ ಬಲ ಕುಗ್ಗುತ್ತದೆ. ಔಷಧಿ ಶುರು ಮಾಡುವ ಮುಂಚೆ ಎಕೋ, ಆಮೇಲೂ ಆಗಾಗ ಎಕೋ ಮಾಡಿಸುವುದು ಅದಕ್ಕೇ. ಔಷಧಿ ನಿಲ್ಲಿಸಿದರೆ ಹೆಚ್ಚಿನವರಲ್ಲಿ ಸುಧಾರಿಸುತ್ತದೆ.

ಒಂದು ವರ್ಷ ಚೆನ್ನಾಗಿ ಕೆಲಸ ಮಾಡಿದ ಮಾತ್ರೆ ಇದ್ದಕ್ಕಿದ್ದಂತೆ ಸೋಲುವುದು ಯಾಕೆ?

ಇದ್ದಕ್ಕಿದ್ದಂತೆ ಅಲ್ಲ, ನಮಗೆ ಹಾಗೆ ಕಾಣುತ್ತದೆ. ಗಡ್ಡೆಯಲ್ಲಿ ಕೋಟಿಗಟ್ಟಲೆ ಕೋಶಗಳಿವೆ, ಎಲ್ಲವೂ ಒಂದೇ ಅಚ್ಚಿನವಲ್ಲ. ಮಾತ್ರೆಗೆ ಬಗ್ಗದ ಒಂದೆರಡು ಉಳಿದರೂ ಸಾಕು, ಉಳಿದವು ಸತ್ತ ಜಾಗದಲ್ಲಿ ಅವು ಬೆಳೆಯುತ್ತವೆ.

ಜೆಫಿಟಿನಿಬ್, ಎರ್ಲೋಟಿನಿಬ್ ತೆಗೆದುಕೊಂಡು ಸೋತವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಟಿ790ಎಂ ಅನ್ನುವ ಹೊಸ ತಪ್ಪು ಸಿಕ್ಕಿತು. ಮಾತ್ರೆ ಕೂರುವ ಸಂದಿಯ ಬಾಗಿಲಲ್ಲೇ ಇರುವ 790ನೇ ಅಮೈನೋ ಆಮ್ಲ ಅದು. ಅಲ್ಲಿ ಬದಲಾವಣೆಯಾದರೆ, ಅದೇ ಸಂದಿಗೆ ಬರುವ ಎಟಿಪಿ (ಫಾಸ್ಫೇಟ್ ಒದಗಿಸುವ ಅಣು) ಜೊತೆಗಿನ ಪೈಪೋಟಿಯಲ್ಲಿ ಹಳೆ ಮಾತ್ರೆ ಸೋಲುತ್ತದೆ. ಇದನ್ನು ಗೆಲ್ಲಲೆಂದೇ ಮಾಡಿದ ಒಸಿಮರ್ಟಿನಿಬ್ 2015ರಲ್ಲಿ ಬಂತು. ಅದು 797ನೇ ಜಾಗದ ಸಿಸ್ಟೀನ್‌ಗೆ ಗಟ್ಟಿಯಾಗಿ ಬೆಸೆದುಕೊಳ್ಳುತ್ತದೆ. ಗಡ್ಡೆ ಏನು ಮಾಡಿತು ಗೊತ್ತಾ? ಕೆಲವರಲ್ಲಿ ಆ ಸಿಸ್ಟೀನನ್ನೇ ಬದಲಾಯಿಸಿಕೊಂಡಿತು. ಇನ್ನು ಕೆಲವರಲ್ಲಿ ಇಜಿಎಫ್‌ಆರ್ ಗೋಜೇ ಬೇಡ ಅಂತ ಮೆಟ್ ರಿಸೆಪ್ಟರನ್ನು ಹೆಚ್ಚಿಸಿಕೊಂಡಿತು.

ಗಡ್ಡೆಗೆ ರಕ್ತನಾಳ ಬೆಳೆಸುವ ರಿಸೆಪ್ಟರೂ ಇದೆಯಂತೆ?

ವಿಇಜಿಎಫ್‌ಆರ್. ಇದು ಮುಖ್ಯವಾಗಿ ಇರುವುದು ಕ್ಯಾನ್ಸರ್ ಕೋಶದ ಮೇಲಲ್ಲ, ಪಕ್ಕದ ರಕ್ತನಾಳದ ಕೋಶಗಳ ಮೇಲೆ. ಹೊಸ ರಕ್ತನಾಳ ಸಿಗದಿದ್ದರೆ ಗಡ್ಡೆ ಒಂದೆರಡು ಮಿಲಿಮೀಟರ್ ಮೀರಿ ಬೆಳೆಯಲಾರದು ಅಂತ 1971ರಲ್ಲಿ ಜೂಡಾ ಫೋಕ್‌ಮನ್ ಹೇಳಿದಾಗ ಹೆಚ್ಚಿನವರು ನಂಬಲಿಲ್ಲ. ವಿಇಜಿಎಫ್ ಹಿಡಿಯುವ ಬೆವಾಸಿಜುಮ್ಯಾಬ್ ಬಂದದ್ದು 2004ರಲ್ಲಿ. ಇದರಲ್ಲಿ ಬಿಪಿ ಏರುತ್ತದೆ, ಗಾಯ ನಿಧಾನಕ್ಕೆ ಮಾಯುತ್ತದೆ. ಆಪರೇಷನ್ ಗೊತ್ತಾಗಿದ್ದರೆ ಮೊದಲೇ ಹೇಳಿ.

ಕೀಮೋ ಆದ ಮೇಲೆ ‘ಗ್ರೋತ್ ಫ್ಯಾಕ್ಟರ್ ಇಂಜೆಕ್ಷನ್’ ಕೊಡುತ್ತಾರೆ. ಅದು ಕ್ಯಾನ್ಸರ್‌ಗೇ ಗೊಬ್ಬರ ಹಾಕಿದಂತಲ್ಲವಾ?

ಒಳ್ಳೆಯ ಪ್ರಶ್ನೆ, ಹೆಸರು ಕೇಳಿದರೆ ಯಾರಿಗಾದರೂ ಹಾಗನ್ನಿಸುತ್ತದೆ. ಅದು ಜಿ-ಸಿಎಸ್‌ಎಫ್. ಕೀಮೋದಿಂದ ಬಿಳಿ ರಕ್ತಕಣ ಕುಸಿದಾಗ ಸೋಂಕು ತಗಲದ ಹಾಗೆ ಕೊಡುತ್ತಾರೆ. ಅದರ ರಿಸೆಪ್ಟರ್ ಮುಖ್ಯವಾಗಿ ಇರುವುದು ಮೂಳೆ ಮಜ್ಜೆಯಲ್ಲಿ ಬಿಳಿಕಣ ತಯಾರಿಸುವ ಕೋಶಗಳ ಮೇಲೆ. ಕಿವಿ ಇಲ್ಲದ ಕಡೆ ಕೂಗಿದರೆ ಯಾರಿಗೂ ಕೇಳುವುದಿಲ್ಲ. ಇಂಜೆಕ್ಷನ್ ಆದ ಮೇಲೆ ಸೊಂಟ, ಬೆನ್ನು ಮೂಳೆ ನೋಯುವುದು ಮಜ್ಜೆ ಜೋರಾಗಿ ಕೆಲಸ ಮಾಡುತ್ತಿರುವುದರಿಂದ.

ಈ ರಿಸೆಪ್ಟರ್ ತಪ್ಪು ಮಕ್ಕಳಿಗೆ ಹೋಗುತ್ತದಾ?

ಬಹುತೇಕ ಇಲ್ಲ. ಗಡ್ಡೆಯ ಕೋಶದಲ್ಲಿ ಬದುಕಿನ ಮಧ್ಯೆ ಆದ ತಪ್ಪು ಅದು, ಅಂಡಾಣು ವೀರ್ಯಾಣುಗಳಲ್ಲಿ ಇರುವುದಿಲ್ಲ. ರೆಟ್ ಒಂದು ಮುಖ್ಯ ಅಪವಾದ. ಎಂಇಎನ್-2 ಅನ್ನುವ ಕಾಯಿಲೆ ಇರುವ ಕುಟುಂಬಗಳಲ್ಲಿ ಕೆಟ್ಟ ರೆಟ್ ಜೀನ್ ತಲೆಮಾರಿನಿಂದ ತಲೆಮಾರಿಗೆ ಬರುತ್ತದೆ, ಥೈರಾಯ್ಡ್‌ನ ಒಂದು ಬಗೆಯ ಕ್ಯಾನ್ಸರ್ ತರುತ್ತದೆ. ಅಲ್ಲಿ ಮಕ್ಕಳಿಗೂ ರಕ್ತಪರೀಕ್ಷೆ ಮಾಡಿಸುತ್ತಾರೆ, ಕೆಟ್ಟ ಜೀನ್ ಇದ್ದರೆ ಕ್ಯಾನ್ಸರ್ ಬರುವ ಮುಂಚೆಯೇ ಥೈರಾಯ್ಡ್ ತೆಗೆಸುವುದೂ ಇದೆ.

ಮಾತು ಬಂತು ಅಂತ ಹೇಳುತ್ತೇನೆ: ಎಫ್‌ಜಿಎಫ್‌ಆರ್-3 ಹುಟ್ಟಿನಿಂದಲೇ ಅತಿಯಾಗಿ ಚಾಲೂ ಇದ್ದರೆ ಮೂಳೆ ಉದ್ದ ಬೆಳೆಯದೆ ಕುಬ್ಜತನ ಬರುತ್ತದೆ. ಅದೇ ರಿಸೆಪ್ಟರ್ ಮೂತ್ರಕೋಶದ ಕೋಶದಲ್ಲಿ ಅತಿಯಾದರೆ ಕ್ಯಾನ್ಸರ್. ಒಂದು ಕಡೆ ‘ನಿಲ್ಲು’, ಇನ್ನೊಂದು ಕಡೆ ‘ಬೆಳೆ’. ಸುದ್ದಿ ಒಂದೇ, ಕೇಳಿಸಿಕೊಳ್ಳುವ ಕೋಶ ಬೇರೆ.

ಎಲ್ಲ ರಿಸೆಪ್ಟರೂ ನೆಗೆಟಿವ್ ಬಂದರೆ ದಾರಿ ಮುಚ್ಚಿತಾ?

ಇಲ್ಲ. ಈ ಗುಂಪಿನ ಔಷಧಿ ಹೊಂದುವುದಿಲ್ಲ ಅಂತ ಮಾತ್ರ. ಆಪರೇಷನ್, ರೇಡಿಯೇಷನ್, ಕೀಮೋ, ಇಮ್ಯುನೋಥೆರಪಿ ಎಲ್ಲ ಇವೆ. ನೆಗೆಟಿವ್ ರಿಪೋರ್ಟಿಗೂ ಬೆಲೆ ಇದೆ. ಕೆಲಸಕ್ಕೆ ಬಾರದ ಮಾತ್ರೆ ನುಂಗುವುದು ತಪ್ಪಿತಲ್ಲ.

ಕಾಯಿಲೆ ಮರುಕಳಿಸಿದೆ. ಹಳೆಯ ರಿಪೋರ್ಟ್ ಇದೆ, ಮತ್ತೆ ಬಯಾಪ್ಸಿ ಯಾಕೆ?

ಹಳೆಯ ರಿಪೋರ್ಟ್ ಹೇಳುವುದು ಹಳೆಯ ಗಡ್ಡೆಯ ಮಾತು. ಮೇಲೆ ನೋಡಿದಂತೆ ಗಡ್ಡೆ ವೇಷ ಬದಲಾಯಿಸಿರುತ್ತದೆ. ಹರ್-2 ನೆಗೆಟಿವ್ ಇದ್ದದ್ದು ಪಾಸಿಟಿವ್ ಆಗುವುದೂ, ಪಾಸಿಟಿವ್ ಇದ್ದದ್ದು ನೆಗೆಟಿವ್ ಆಗುವುದೂ ಉಂಟು.

ಸೂಜಿ ಹಾಕಲು ಆಗದ ಜಾಗದಲ್ಲಿ ಗಡ್ಡೆ ಇದ್ದರೆ ರಕ್ತದಿಂದಲೇ ಪರೀಕ್ಷೆ ಮಾಡಬಹುದು. ಸಾಯುವ ಕ್ಯಾನ್ಸರ್ ಕೋಶಗಳ ಡಿಎನ್‌ಎ ಚೂರು ರಕ್ತದಲ್ಲಿ ತೇಲುತ್ತಿರುತ್ತದೆ, ಅದರಲ್ಲಿ ಮ್ಯುಟೇಶನ್ ಹುಡುಕುತ್ತಾರೆ. ಇದಕ್ಕೆ ಲಿಕ್ವಿಡ್ ಬಯಾಪ್ಸಿ ಅನ್ನುತ್ತಾರೆ. ಸಿಕ್ಕಿದರೆ ನಂಬಬಹುದು. ಸಿಗದಿದ್ದರೆ ‘ಇಲ್ಲ’ ಅಂತ ಅರ್ಥ ಅಲ್ಲ, ರಕ್ತಕ್ಕೆ ಬಂದ ಚೂರು ಸಾಲದೆ ಇರಬಹುದು. ಆಗ ಸೂಜಿಯೇ ಗತಿ.

ಮೊದಲ ಬಯಾಪ್ಸಿಯ ಮೇಣದ ಬ್ಲಾಕನ್ನೂ ಲ್ಯಾಬಿನವರು ಎತ್ತಿಟ್ಟಿರುತ್ತಾರೆ. ಬೇರೆ ಆಸ್ಪತ್ರೆಗೆ ಹೋಗುವಾಗ ಸ್ಲೈಡ್ ಜೊತೆ ಆ ಬ್ಲಾಕನ್ನೂ ಕೇಳಿ ತೆಗೆದುಕೊಳ್ಳಿ, ಬಿಸಿಲಿಗೆ ಇಡಬೇಡಿ.